ಹೂಮಳೆಯ ನಾಡಿನಲ್ಲಿ ‘ಬ್ಲಾಸಮ್’ ಪದವನ್ನು ಕಲಿಯುವ ಬಗೆ

ಫೆಬ್ರವರಿ ಕಳೆದು ಮಾರ್ಚ್ ಹತ್ತಿರವಾಗುತ್ತಿದ್ದಂತೆ ಕೊಡಗಿನ ಬೆಳೆಗಾರರು ಎಲ್ಲಿ ಸೇರಿದರೂ ಮಾತು ಮಳೆಯ ಕಡೆಗೇ ಹೊರಳುತ್ತದೆ. ಗೋಣಿಕೊಪ್ಪಲಿನ ಅಂಗಡಿ ಜಗಲಿಯಲ್ಲಾಗಲಿ, ಸುಂಟಿಕೊಪ್ಪದ ಬಸ್ ನಿಲ್ದಾಣದಲ್ಲಾಗಲಿ ‘ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?’, ‘ಬ್ಲಾಸಮ್‌ಗೆ ಸಾಕಾಯಿತಾ?’, ‘ಬ್ಯಾಕಿಂಗ್ ಸಿಗಬಹುದಾ?’ ಎಂಬ ಪ್ರಶ್ನೆಗಳು ಕಿವಿಗೆ ಬೀಳುತ್ತಲೇ ಇರುತ್ತವೆ. (ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಭಾಗದಷ್ಟು ಮಳೆ.) ಇಂಗ್ಲಿಷ್ ಓದಲು ಬಾರದ ಹಿರಿಯರೂ ‘ಬ್ಲಾಸಮ್’ ಎಂಬ ಪದವನ್ನು ತಪ್ಪಿಲ್ಲದೆ ಆಡುತ್ತಾರೆ. ಆದರೆ ಅದೇ ಮನೆಯ ಮಕ್ಕಳು ಇಂಗ್ಲಿಷ್ ಪ್ರಬಂಧ ಬರೆಯಲು ಕುಳಿತಾಗ ಈ ಪದದ ಬಳಿ ಬಂದು ತಡವರಿಸುತ್ತಾರೆ. ಒಂದೋ ಅದನ್ನು ಬಿಟ್ಟು ‘ಫ್ಲವರ್’ ಎಂದು ಬರೆಯುತ್ತಾರೆ, ಇಲ್ಲವೇ ಕನ್ನಡದ ‘ಅರಳು’ ಬರುವ ಕಡೆಯಲ್ಲೆಲ್ಲ ಇದನ್ನು ತಂದು ಕೂರಿಸುತ್ತಾರೆ. ಹಲವು ವರ್ಷ ಇಲ್ಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವನಾಗಿ ನಾನು ಕಂಡುಕೊಂಡದ್ದು ಇಷ್ಟು: ಈ ಪದದ ಸರಿಯಾದ ಅರ್ಥ ತೋಟದ ಮಾತಿನಲ್ಲಿ ಆಗಲೇ ಇದೆ, ಅದನ್ನು ಅಲ್ಲಿಂದ ಎತ್ತಿಕೊಂಡು ಪುಸ್ತಕಕ್ಕೆ ಬಂದರೆ ಕಲಿಕೆ ಸುಲಭವಾಗುತ್ತದೆ; ಪುಸ್ತಕದಿಂದ ಹೊರಟು ತೋಟಕ್ಕೆ ಹೋಗುವ ದಾರಿ ಸುತ್ತುಬಳಸಿನದು.

ಮೊದಲ ಹೆಜ್ಜೆ: ತೋಟದಲ್ಲಿ ಈ ಪದ ಯಾವುದಕ್ಕೆ ನಿಂತಿದೆ ಎಂಬುದನ್ನು ಗಮನಿಸಿ

ಕಾಫಿ ಗಿಡದ ಗಂಟುಗಳಲ್ಲಿ, ಎಲೆಯ ಬುಡದಲ್ಲಿ, ಮೊಗ್ಗುಗಳು ಬೇಸಿಗೆಯ ಒಣ ದಿನಗಳಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತಿರುತ್ತವೆ. ಸುಮಾರು ಒಂದು ಇಂಚು ಮಳೆ ಬಿದ್ದರೆ, ಅಥವಾ ಸ್ಪ್ರಿಂಕ್ಲರ್‌ನಿಂದ ಅಷ್ಟೇ ನೀರು ಹಾಯಿಸಿದರೆ, ಅವು ಎಚ್ಚೆತ್ತು ಉಬ್ಬತೊಡಗಿ 8ರಿಂದ 10 ದಿನಗಳಲ್ಲಿ ಒಂದೇ ಬೆಳಗಿಗೆ ತೋಟದ ತುಂಬ ಬಿಳಿಯಾಗಿ ಬಿರಿಯುತ್ತವೆ. ಕೊಂಬೆಯೊಂದನ್ನು ಹತ್ತಿರಕ್ಕೆ ಬಾಗಿಸಿ ನೋಡಿದರೆ ಗಂಟು ಗಂಟಿಗೂ ನಕ್ಷತ್ರದಂಥ ಹೂಗಳ ಗುಚ್ಛ ಕಾಣುತ್ತದೆ, ಗುಚ್ಛಗಳ ನಡುವೆ ಎಲೆಗಳು ಮಾತ್ರ ಹಸಿರಾಗಿ ಉಳಿದಿರುತ್ತವೆ, ಮಲ್ಲಿಗೆಯನ್ನು ಹೋಲುವ ಕಂಪು ರಸ್ತೆಯವರೆಗೂ ಹರಡಿರುತ್ತದೆ. ಎರಡು ಮೂರು ದಿನ ಕಳೆದರೆ ಅದೇ ಹೂಗಳು ಕಂದುಬಣ್ಣಕ್ಕೆ ತಿರುಗಿ ಉದುರುತ್ತವೆ. ಆಮೇಲೆ ಎರಡು ಮೂರು ವಾರಗಳೊಳಗೆ ಇನ್ನೊಂದು ಮಳೆ ಬಂದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಮೊದಲಿನದನ್ನು ಬೆಳೆಗಾರರು ‘ಬ್ಲಾಸಮ್ ಶವರ್’ ಎನ್ನುತ್ತಾರೆ, ಎರಡನೆಯದನ್ನು ‘ಬ್ಯಾಕಿಂಗ್ ಶವರ್’ ಎನ್ನುತ್ತಾರೆ. ಮೊದಲಿನದಕ್ಕೆ ಕನ್ನಡದಲ್ಲಿ ‘ಹೂಮಳೆ’ ಎಂಬ ಸೊಗಸಾದ ಪದವಿದೆ, ಪತ್ರಿಕೆಗಳೂ ಅದನ್ನೇ ಬರೆಯುತ್ತವೆ.

ಈಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಈ ಸಲ ಬ್ಲಾಸಮ್ ಚೆನ್ನಾಗಿ ಆಗಿದೆ’ ಎಂದು ಬೆಳೆಗಾರ ಹೇಳಿದಾಗ ಅವನು ಒಂದು ಹೂವಿನ ಬಗ್ಗೆ ಹೇಳುತ್ತಿಲ್ಲ, ಹೂವಿನ ಚೆಲುವನ್ನೂ ಮುಖ್ಯವಾಗಿ ಹೇಳುತ್ತಿಲ್ಲ. ಇಡೀ ಗಿಡ, ಇಡೀ ತೋಟ ಒಟ್ಟಾಗಿ ಹೂವಾಗಿರುವುದನ್ನು ಹೇಳುತ್ತಿದ್ದಾನೆ, ಮತ್ತು ಅವನ ಕಣ್ಣು ಆ ಹೂವಿನಾಚೆಗಿನ ಕಾಯಿಯ ಮೇಲೆ ಇದೆ. ಈ ಎರಡು ಸಂಗತಿಗಳೇ, ಅಂದರೆ ಮರಗಿಡ ಒಟ್ಟಾಗಿ ಹೂ ಹೊರುವುದು ಮತ್ತು ಆ ಹೂವು ಮುಂದೆ ಫಲವಾಗಲಿರುವುದು, ಇಂಗ್ಲಿಷಿನಲ್ಲಿಯೂ ‘ಬ್ಲಾಸಮ್’ ಪದದ ತಿರುಳು. ಸೇಬು, ಪೀಚ್, ಪ್ಲಮ್, ಬಾದಾಮಿ, ಕಿತ್ತಳೆ ಮೊದಲಾದ ಫಲವೃಕ್ಷಗಳ ಹೂವಿಗೆ ಇಂಗ್ಲಿಷಿನವರು ಸಹಜವಾಗಿ ಬಳಸುವ ಪದ ಇದೇ. ನಮ್ಮ ಕೊಡಗಿನ ಕಿತ್ತಳೆಗೆ ಹೂ ಬಂದಾಗ ‘ಆರೆಂಜ್ ಬ್ಲಾಸಮ್’ ಎಂದರೆ ಅದು ಪೂರ್ತಿ ಸರಿ.

ಎರಡನೆಯ ಹೆಜ್ಜೆ: ಬರೆಯಲು, ಉಚ್ಚರಿಸಲು ಕಲಿಯಿರಿ

ಇದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಅಕ್ಷರಗಳು ಕ್ರಮವಾಗಿ ಬಿ, ಎಲ್, ಓ, ಎಸ್, ಎಸ್, ಓ, ಎಂ. ನಡುವೆ ‘ಎಸ್’ ಎರಡು ಸಲ ಬಂದರೂ ಉಚ್ಚಾರದಲ್ಲಿ ಅದು ಒಂದೇ ಸಕಾರ, ಕನ್ನಡದ ‘ಅಸ್ಸಾಂ’ನ ಹಾಗೆ ಒತ್ತಿ ಹೇಳುವಂಥದ್ದಲ್ಲ. ಮೊದಲ ಸ್ವರವನ್ನು ‘ಪಾಟ್’, ‘ಹಾಟ್’ ಎಂಬಲ್ಲಿನಂತೆ ಹೇಳಬೇಕು. ‘ಬ್ಲೋಸಮ್’ ಎಂದು ಓಕಾರ ಎಳೆಯಬಾರದು. ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ, ಎರಡನೆಯ ಭಾಗ ಮೆತ್ತಗಾಗಿ ಮುಗಿಯುತ್ತದೆ. ಕೊನೆಯ ಭಾಗದ ಮೇಲೆ ಒತ್ತು ಇಲ್ಲದ ಕಾರಣದಿಂದಲೇ ಭೂತಕಾಲದಲ್ಲಿಯೂ ‘ಇಂಗ್’ ರೂಪದಲ್ಲಿಯೂ ‘ಎಂ’ ಇಮ್ಮಡಿಯಾಗುವುದಿಲ್ಲ. ‘ಬಿಗಿನ್’ ಎಂಬುದು ‘ಬಿಗಿನಿಂಗ್’ ಆಗುವಾಗ ‘ಎನ್’ ಎರಡಾಗುವುದನ್ನು ಕಂಡ ಮಕ್ಕಳು ಇಲ್ಲಿಯೂ ಎರಡು ‘ಎಂ’ ಹಾಕುವುದುಂಟು, ಹಾಗೆ ಹಾಕಬಾರದು. ಭೂತಕಾಲದ ರೂಪವನ್ನು ‘ಬ್ಲಾಸಮ್ಡ್’ ಎಂದು ಓದಬೇಕು, ‘ಬ್ಲಾಸಮೆಡ್’ ಎಂದಲ್ಲ.

ಮೂರನೆಯ ಹೆಜ್ಜೆ: ಅರಳುವವರು ಯಾರು ಎಂದು ಕೇಳಿಕೊಳ್ಳಿ

ಕನ್ನಡ ಬಲ್ಲವರು ಈ ಪದದಲ್ಲಿ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ, ಆದ್ದರಿಂದ ಈ ಹೆಜ್ಜೆಯಲ್ಲಿ ಸ್ವಲ್ಪ ನಿಧಾನಿಸಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ.

ಕನ್ನಡದಲ್ಲಿ ಹೂವಿನ ಕೆಲಸವನ್ನು ಎರಡು ಬಗೆಯಾಗಿ ಹೇಳುತ್ತೇವೆ. ಹೂವು ಅರಳುತ್ತದೆ, ಗಿಡ ಹೂ ಬಿಡುತ್ತದೆ. ಅರಳುವುದಕ್ಕೆ ಕರ್ತೃ ಹೂವು, ಬಿಡುವುದಕ್ಕೆ ಕರ್ತೃ ಗಿಡ. ಗಿಡದ ಮಾತು ಬಂದಾಗ ನಮಗೆ ‘ಹೂ’ ಎಂಬ ನಾಮಪದ ಬೇರೆಯಾಗಿ ಬೇಕೇ ಬೇಕು. ‘ಗಿಡ ಬಿಟ್ಟಿತು’ ಎಂದರೆ ವಾಕ್ಯ ಪೂರ್ತಿಯಾಗುವುದಿಲ್ಲ. ಇಂಗ್ಲಿಷಿನ ‘ಬ್ಲಾಸಮ್’ ಕ್ರಿಯಾಪದ ಹೀಗಲ್ಲ. ಅದರ ಸಹಜ ಕರ್ತೃ ಗಿಡ ಅಥವಾ ಮರ, ಮತ್ತು ಹೂ ಎಂಬ ಅರ್ಥ ಆ ಕ್ರಿಯಾಪದದೊಳಗೇ ಅಡಗಿದೆ. ಹಾಗಾಗಿ ‘ದ ಟ್ರೀ ಬ್ಲಾಸಮ್ಡ್’ ಎಂಬ ಮೂರು ಪದಗಳಲ್ಲಿಯೇ ‘ಮರ ಹೂ ಬಿಟ್ಟಿತು’ ಎಂಬ ಅರ್ಥ ಸಂಪೂರ್ಣವಾಗಿ ಬಂದುಬಿಡುತ್ತದೆ. ನಮ್ಮ ಮಕ್ಕಳು ಕನ್ನಡದ ಅಭ್ಯಾಸದಂತೆ ‘ಹೂ’ ಎಂಬುದನ್ನೂ ಸೇರಿಸಿ ‘ದ ಪ್ಲಾಂಟ್ ಬ್ಲಾಸಮ್ಡ್ ವೈಟ್ ಫ್ಲವರ್ಸ್’ ಎಂದು ಬರೆಯುತ್ತಾರೆ. ಇದು ತಪ್ಪು. ಬಿಳಿಯ ಹೂ ಎಂದು ಹೇಳಲೇಬೇಕಿದ್ದರೆ ಕ್ರಿಯಾಪದವನ್ನು ಬದಲಿಸಿ ‘ದ ಪ್ಲಾಂಟ್ ಪ್ರೊಡ್ಯೂಸ್ಡ್ ವೈಟ್ ಫ್ಲವರ್ಸ್’ ಎನ್ನಬೇಕು, ಇಲ್ಲವೇ ಹೂವನ್ನೇ ಕರ್ತೃವಾಗಿಸಿ ‘ವೈಟ್ ಫ್ಲವರ್ಸ್ ಓಪನ್ಡ್ ಆನ್ ದ ಪ್ಲಾಂಟ್’ ಎನ್ನಬೇಕು.

ಇನ್ನೊಂದು ತಪ್ಪನ್ನು ನಾನು ಮರೆಯಲಾರೆ. ಹೂಮಳೆಯ ಬಗ್ಗೆ ಬರೆಯಲು ಹೇಳಿದ್ದೆ. ತೋಟದ ಮನೆಯ ಹುಡುಗಿಯೊಬ್ಬಳು ತುಂಬ ಪ್ರೀತಿಯಿಂದ ಎರಡು ಪುಟ ಬರೆದಿದ್ದಳು. ಅಜ್ಜ ಮಳೆಮಾಪಕದ ನೀರನ್ನು ಬೆಳಕಿಗೆ ಹಿಡಿದು ಅಳೆಯುವುದು, ಅಳತೆಯನ್ನು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಗುರುತಿಸುವುದು, ಎಲ್ಲವೂ ಅದರಲ್ಲಿತ್ತು. ಆದರೆ ಮೊದಲ ಸಾಲಿನಲ್ಲೇ ‘ದ ರೇನ್ ಬ್ಲಾಸಮ್ಡ್ ದ ಕಾಫಿ’ ಎಂದಿತ್ತು. ಅವಳು ಎಲ್ಲಿಂದ ಆ ವಾಕ್ಯಕ್ಕೆ ಬಂದಳು ಎಂಬುದು ಕನ್ನಡ ಬಲ್ಲ ಯಾರಿಗೂ ತಿಳಿಯುತ್ತದೆ. ಕನ್ನಡದಲ್ಲಿ ‘ಅರಳು’ ಎಂಬ ಅಕರ್ಮಕ ಧಾತುವಿಗೆ ‘ಇಸು’ ಸೇರಿಸಿದರೆ ‘ಅರಳಿಸು’ ಎಂಬ ಸಕರ್ಮಕ ಸಿಗುತ್ತದೆ; ‘ಮಳೆ ಕಾಫಿಯನ್ನು ಅರಳಿಸಿತು’ ಎಂಬುದು ನಮಗೆ ಚೆಂದದ ವಾಕ್ಯವೇ. ಇಂಗ್ಲಿಷಿನ ‘ಬ್ಲಾಸಮ್’ಗೆ ಇಂಥ ಪ್ರೇರಣಾರ್ಥಕ ರೂಪವಿಲ್ಲ. ಅದು ಯಾವಾಗಲೂ ಅಕರ್ಮಕ, ಅದರ ಮುಂದೆ ಕರ್ಮಪದ ನಿಲ್ಲುವುದಿಲ್ಲ. ಮಳೆಗೆ ಶ್ರೇಯ ಕೊಡಬೇಕಾದರೆ ‘ದ ರೇನ್ ಬ್ರಾಟ್ ದ ಕಾಫಿ ಇನ್ಟು ಬ್ಲಾಸಮ್’ ಎಂದು ನಾಮಪದವಾಗಿ ಬಳಸಬೇಕು, ಅಥವಾ ‘ದ ಕಾಫಿ ಬ್ಲಾಸಮ್ಡ್ ಆಫ್ಟರ್ ದ ರೇನ್’ ಎಂದು ಮಳೆಯನ್ನು ಹಿಂದಕ್ಕೆ ಸರಿಸಬೇಕು. ನಾನು ಆ ಸಾಲಿನ ಕೆಳಗೆ ಈ ಎರಡನ್ನೂ ಬರೆದುಕೊಟ್ಟೆ, ಉಳಿದ ಎರಡು ಪುಟಗಳಲ್ಲಿ ಕೆಂಪು ಶಾಯಿ ತಾಗಿಸಲು ಮನಸ್ಸಾಗಲಿಲ್ಲ.

ನಿಘಂಟು ತೆರೆದಾಗಲೂ ಇದನ್ನು ಪರೀಕ್ಷಿಸಿ ನೋಡಬಹುದು. ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ ಕ್ರಿಯಾಪದದ ಪಕ್ಕದಲ್ಲಿ ಅದು ಅಕರ್ಮಕವೋ ಸಕರ್ಮಕವೋ ಎಂಬ ಗುರುತು ಇರುತ್ತದೆ. ‘ಐ’ ಅಕ್ಷರವಿದ್ದರೆ ಅಕರ್ಮಕ, ‘ಟಿ’ ಅಕ್ಷರವಿದ್ದರೆ ಸಕರ್ಮಕ. ಅರ್ಥವನ್ನಷ್ಟೇ ಓದಿ ಪುಟ ಮುಚ್ಚುವ ಅಭ್ಯಾಸ ನಮ್ಮಲ್ಲಿ ಬಹಳ. ಆ ಸಣ್ಣ ಅಕ್ಷರವೊಂದನ್ನು ನೋಡಿದ್ದರೆ ಮೇಲಿನ ಎರಡು ತಪ್ಪುಗಳೂ ತಪ್ಪುತ್ತಿದ್ದವು.

ನಾಲ್ಕನೆಯ ಹೆಜ್ಜೆ: ಮೂರು ಪದಗಳನ್ನು ಮೂರು ಹೂಗಳಿಂದ ನೆನಪಿಟ್ಟುಕೊಳ್ಳಿ

‘ಫ್ಲವರ್’, ‘ಬ್ಲೂಮ್’, ‘ಬ್ಲಾಸಮ್’ ಈ ಮೂರಕ್ಕೂ ಇಂಗ್ಲಿಷ್-ಕನ್ನಡ ನಿಘಂಟುಗಳು ಬಹುಮಟ್ಟಿಗೆ ಒಂದೇ ಅರ್ಥ ಕೊಡುತ್ತವೆ: ಹೂ, ಅರಳು, ಹೂಬಿಡು. ನಿಘಂಟಿನ ತಪ್ಪು ಎಂದು ನಾನು ಹೇಳುವುದಿಲ್ಲ. ಇಷ್ಟು ಚಿಕ್ಕ ಜಾಗದಲ್ಲಿ ಅದಕ್ಕಿಂತ ಹೆಚ್ಚು ಹೇಳಲಾಗದು. ಆದರೆ ಕಲಿಯುವವರಿಗೆ ಮೂರನ್ನೂ ಬೇರ್ಪಡಿಸುವ ಕೊಕ್ಕೆ ಬೇಕು. ಕೊಡಗಿನಲ್ಲಿಯೇ ಅಂಥ ಮೂರು ಹೂಗಳಿವೆ.

ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಪೂಜೆಗೆ ಇಟ್ಟು ಅವುಗಳಿಗೆ ತೋಕ್‌ಪೂ ಸಿಕ್ಕಿಸುತ್ತಾರೆ. ಕೊಡವ ತಕ್ಕಿನಲ್ಲಿ ‘ತೋಕ್’ ಎಂದರೆ ಕೋವಿ, ‘ಪೂ’ ಎಂದರೆ ಹೂ. ಕನ್ನಡದಲ್ಲಿ ಅಗ್ನಿಶಿಖೆ ಎಂದು ಕರೆಯುವ, ಬೆಂಕಿಯ ನಾಲಗೆಯಂಥ ಕೆಂಪು ಹಳದಿ ದಳಗಳ ಹೂವು ಅದು. ಕೈಯಲ್ಲಿ ಹಿಡಿಯುವ, ಕೊಯ್ಯುವ, ಮುಡಿಯುವ, ಮಾಲೆ ಕಟ್ಟುವ, ದೇವರಿಗೆ ಏರಿಸುವ ಹೂವೆಲ್ಲ ಇಂಗ್ಲಿಷಿನಲ್ಲಿ ‘ಫ್ಲವರ್’. ಎಲ್ಲ ಹೂವಿಗೂ ಸಲ್ಲುವ ಸಾಮಾನ್ಯ ಪದ ಇದು. ಯಾವುದು ಸರಿ ಎಂದು ಸಂದೇಹ ಬಂದಾಗ ಇದನ್ನು ಬಳಸಿದರೆ ತಪ್ಪಾಗುವುದಿಲ್ಲ.

2021ರ ಆಗಸ್ಟ್‌ನಲ್ಲಿ ಮಾಂದಲಪಟ್ಟಿ ಮತ್ತು ಕೋಟೆಬೆಟ್ಟದ ಇಳಿಜಾರುಗಳಲ್ಲಿ ಕುರಿಂಜಿ ಅರಳಿ ಬೆಟ್ಟಕ್ಕೆ ಬೆಟ್ಟವೇ ನೇರಳೆ ಛಾಯೆಗೆ ತಿರುಗಿದ್ದು ಅನೇಕರಿಗೆ ನೆನಪಿರಬಹುದು. ಅಲ್ಲಿ ಯಾರೂ ಕಾಯಿಗಾಗಿ ಕಾಯುತ್ತಿರಲಿಲ್ಲ. ಅರಳಿದ ಆ ಸ್ಥಿತಿ, ಆ ಚೆಲುವಿನ ತುತ್ತತುದಿ, ಅದೇ ನೋಡಬೇಕಾದದ್ದು. ಇಂಥದ್ದಕ್ಕೆ ಒಪ್ಪುವ ಪದ ‘ಬ್ಲೂಮ್’. ‘ದ ಹಿಲ್ಸ್ ಆರ್ ಇನ್ ಫುಲ್ ಬ್ಲೂಮ್’ ಎಂದರೆ ಕೇಳುವವರ ಕಣ್ಣಮುಂದೆ ಆ ತುಂಬು ಅರಳುವಿಕೆ ನಿಲ್ಲುತ್ತದೆ. ಗುಲಾಬಿ, ದಾಸವಾಳ, ಡೇರೆ ಮುಂತಾಗಿ ಅಂದಕ್ಕಾಗಿ ಬೆಳೆಸುವ ಹೂಗಳಿಗೂ ಇದೇ ಪದ ಹೊಂದುತ್ತದೆ.

ಮೂರನೆಯದು ಕಾಫಿ. ಅದು ‘ಬ್ಲಾಸಮ್’, ಕಾರಣವನ್ನು ಮೊದಲ ಹೆಜ್ಜೆಯಲ್ಲಿಯೇ ಹೇಳಿಯಾಗಿದೆ.

ಈ ಮೂರರ ನಡುವಿನ ಗೆರೆ ಕಲ್ಲಿನ ಮೇಲೆ ಕೊರೆದದ್ದಲ್ಲ ಎಂಬುದನ್ನೂ ಹೇಳಬೇಕು. ಸೇಬಿನ ಮರವನ್ನು ‘ಇನ್ ಬ್ಲೂಮ್’ ಎಂದು ಬರೆದವರೂ ಇದ್ದಾರೆ. ಫಲಕ್ಕಾಗಿ ಬೆಳೆಸದ ಜಕರಂಡಾ ಮರದ ಹೂವನ್ನು ‘ಬ್ಲಾಸಮ್’ ಎಂದವರೂ ಇದ್ದಾರೆ, ಏಕೆಂದರೆ ಮರವೊಂದು ಮೈತುಂಬ ಹೂ ಹೊತ್ತ ನೋಟ ಅಲ್ಲಿಯೂ ಇದೆ. ಜಪಾನಿನ ಹೆಸರಾಂತ ‘ಚೆರ್ರಿ ಬ್ಲಾಸಮ್’ನ ಬಹುಪಾಲು ಮರಗಳು ತಿನ್ನುವ ಹಣ್ಣಿಗಾಗಿ ನೆಟ್ಟವಲ್ಲ, ಹೂವಿನ ನೋಟಕ್ಕಾಗಿಯೇ ನೆಟ್ಟವು, ಆದರೂ ಹಣ್ಣಿನ ಮರದ ಕುಲಕ್ಕೆ ಸೇರಿದವಾದ್ದರಿಂದ ಆ ಪದ ಅಂಟಿಕೊಂಡಿದೆ. ನಮ್ಮ ಕಡೆ ಈ ಜೋಡುಪದ ಇನ್ನೊಂದು ಗೊಂದಲವನ್ನೂ ತರುತ್ತದೆ. ಕಾಫಿಯ ಹಣ್ಣಿಗೆ ತೋಟದಲ್ಲಿ ‘ಚೆರ್ರಿ’ ಎಂದೇ ಹೆಸರು. ಭೂಗೋಳದ ಪಾಠಗಳಲ್ಲಿ ಕರ್ನಾಟಕದ ಮುಂಗಾರುಪೂರ್ವ ಮಳೆಯನ್ನು ‘ಚೆರ್ರಿ ಬ್ಲಾಸಮ್’ ಮಳೆ ಎಂದು ಓದಿದ ಮಕ್ಕಳು, ಜಪಾನಿನ ಮರಕ್ಕೂ ಮಡಿಕೇರಿಯ ಮಳೆಗೂ ಏನು ಸಂಬಂಧ ಎಂದು ಕೇಳುತ್ತಾರೆ. ಸಂಬಂಧವಿಲ್ಲ, ಇಲ್ಲಿ ಮಾತು ಕಾಫಿ ಹೂವಿನದು ಎಂದು ಬಿಡಿಸಿ ಹೇಳಿದರೆ ಅವರಿಗೆ ಸಮಾಧಾನವಾಗುತ್ತದೆ.

‘ಬ್ಲೂಮ್’ಗೆ ಮಾತ್ರ ಸಲ್ಲುವ, ‘ಬ್ಲಾಸಮ್’ ಕಾಲಿಡದ ಕೆಲವು ಎಡೆಗಳಿವೆ, ಅವನ್ನು ಬೇರೆಯಾಗಿ ತಿಳಿದಿರಬೇಕು. ಕೆರೆಯ ನೀರಿನಲ್ಲಿ ಪಾಚಿ ಒಮ್ಮೆಲೇ ಹಬ್ಬುವುದು ‘ಆಲ್ಗಲ್ ಬ್ಲೂಮ್’. ದ್ರಾಕ್ಷಿಯ ಸಿಪ್ಪೆಯ ಮೇಲಿನ ಬಿಳಿಯ ಮಸುಕು ಲೇಪವೂ ‘ಬ್ಲೂಮ್’. ತಡವಾಗಿ ಪ್ರತಿಭೆ ತೋರಿದವರು ‘ಲೇಟ್ ಬ್ಲೂಮರ್’. ಇನ್ನೊಂದು ನಮಗೆ ಹತ್ತಿರದ್ದು: ಹೊಸದಾಗಿ ಹುರಿದು ಪುಡಿ ಮಾಡಿದ ಕಾಫಿಯ ಮೇಲೆ ಸ್ವಲ್ಪವೇ ಬಿಸಿನೀರು ಹಾಕಿದರೆ ಪುಡಿ ಉಬ್ಬಿ ನೊರೆಗುಳ್ಳೆ ಏಳುತ್ತದೆ, ಹುರಿದ ಬೀಜದಲ್ಲಿ ಸಿಕ್ಕಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಹೊರಬರುವುದೇ ಅದಕ್ಕೆ ಕಾರಣ. ಕಾಫಿ ಕುದಿಸುವ ಕಲೆಯಲ್ಲಿ ಅದನ್ನು ‘ಬ್ಲೂಮ್’ ಎನ್ನುತ್ತಾರೆ. ಹೀಗೆ ಒಂದೇ ಕಾಫಿ ತೋಟದಲ್ಲಿ ‘ಬ್ಲಾಸಮ್’ ಆಗುತ್ತದೆ, ಅಡುಗೆಮನೆಯಲ್ಲಿ ‘ಬ್ಲೂಮ್’ ಆಗುತ್ತದೆ, ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಎರಡೂ ಕೆಡುತ್ತವೆ. ಈ ಒಂದು ಜೋಡಿಯನ್ನು ನೆನಪಿಟ್ಟುಕೊಂಡ ವಿದ್ಯಾರ್ಥಿ ಆಮೇಲೆ ಗೊಂದಲಕ್ಕೆ ಬಿದ್ದದ್ದನ್ನು ನಾನು ಕಂಡಿಲ್ಲ.

ಐದನೆಯ ಹೆಜ್ಜೆ: ‘ಇನ್’ ಮತ್ತು ‘ಇನ್ಟು’, ಒಂದು ಮತ್ತು ಹಲವು

ಹೂ ಬಿಟ್ಟಿರುವ ಸ್ಥಿತಿಗೆ ‘ಇನ್ ಬ್ಲಾಸಮ್’, ಹೂ ಬಿಡತೊಡಗುವ ಬದಲಾವಣೆಗೆ ‘ಕಮ್ ಇನ್ಟು ಬ್ಲಾಸಮ್’. ‘ದ ಎಸ್ಟೇಟ್ ಈಸ್ ಇನ್ ಬ್ಲಾಸಮ್’ ಎಂದರೆ ಈಗ ತೋಟಕ್ಕೆ ಹೋದರೆ ಹೂ ಕಾಣುತ್ತದೆ. ‘ದ ಎಸ್ಟೇಟ್ ಈಸ್ ಕಮಿಂಗ್ ಇನ್ಟು ಬ್ಲಾಸಮ್’ ಎಂದರೆ ಮೊಗ್ಗು ಬಿರಿಯುವ ಸಮಯ ಬಂದಿದೆ. ಈ ಬಳಕೆಗಳಲ್ಲಿ ಪದದ ಹಿಂದೆ ‘ಎ’ ಅಥವಾ ‘ದ’ ಬರುವುದಿಲ್ಲ, ಬಹುವಚನವೂ ಆಗುವುದಿಲ್ಲ. ‘ಇನ್ ಬ್ಲಾಸಮ್ಸ್’ ಎಂದು ಬರೆಯಬಾರದು.

ವಚನದ ವಿಷಯದಲ್ಲಿ ಈ ನಾಮಪದ ಎರಡು ಬಗೆಯಾಗಿ ನಡೆಯುತ್ತದೆ. ಮರದ ಮೇಲಿನ ಹೂರಾಶಿಯನ್ನು ಒಟ್ಟಾಗಿ ಹೇಳುವಾಗ ಅದು ನೀರು, ಅಕ್ಕಿ, ಮಳೆ ಎಂಬವುಗಳಂತೆ ಎಣಿಸಲಾಗದ ಪದ: ‘ದ ಬ್ಲಾಸಮ್ ಈಸ್ ಗುಡ್ ದಿಸ್ ಇಯರ್’. ಬಿಡಿ ಹೂಗಳನ್ನು ಎಣಿಸುವಾಗ ‘ಎ ಬ್ಲಾಸಮ್’, ‘ಟೆನ್ ಬ್ಲಾಸಮ್ಸ್’. ನಿಘಂಟುಗಳಲ್ಲಿ ಮೊದಲಿನದಕ್ಕೆ ‘ಯು’, ಎರಡನೆಯದಕ್ಕೆ ‘ಸಿ’ ಎಂಬ ಗುರುತು. ಇದು ನಮಗೆ ಹೊಸತೇನಲ್ಲ, ‘ಕಾಫಿ ಹೂವಾಗಿದೆ’ ಎನ್ನುವಾಗ ನಾವೂ ಏಕವಚನದಲ್ಲಿಯೇ ಇಡೀ ತೋಟವನ್ನು ಹೇಳುತ್ತೇವೆ; ‘ಕಾಫಿ ಹೂಗಳಾಗಿವೆ’ ಎಂದು ಯಾರೂ ಹೇಳುವುದಿಲ್ಲ.

ಕಾಳುಮೆಣಸಿಗೆ ಈ ಪದ ಒಗ್ಗುವುದಿಲ್ಲ ಎಂಬುದನ್ನು ಕೊಡಗಿನವರಿಗೆ ಬೇರೆಯಾಗಿ ಹೇಳಬೇಕು. ಮೆಣಸಿನ ಬಳ್ಳಿಯಲ್ಲಿ ಹೂಗಳು ಬಹಳ ಚಿಕ್ಕವು, ಜೋತುಬಿದ್ದ ತೆನೆಯಂಥ ಎಳೆಯ ಮೇಲೆ ಸಾಲಾಗಿ ಕೂತಿರುತ್ತವೆ. ಅದಕ್ಕೆ ಇಂಗ್ಲಿಷಿನಲ್ಲಿ ‘ಸ್ಪೈಕ್’ ಎನ್ನುತ್ತಾರೆ. ಫಲ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಹೂವೂ ‘ಬ್ಲಾಸಮ್’ ಆಗದು, ಕಣ್ಣು ತುಂಬುವ ಹೂವಿನ ಹೊರೆಯೂ ಬೇಕು.

ಆರನೆಯ ಹೆಜ್ಜೆ: ಮನುಷ್ಯರ ಬಗ್ಗೆ ಬಳಸುವಾಗ

ತೋಟದಿಂದ ಹೊರಗೆ ಈ ಪದದ ಹೆಚ್ಚಿನ ಬಳಕೆ ಇಲ್ಲಿದೆ. ‘ಶಿ ಬ್ಲಾಸಮ್ಡ್ ಇನ್ಟು ಎ ಫೈನ್ ಹಾಕಿ ಪ್ಲೇಯರ್’ ಎಂದರೆ ಅವಳು ಮೆಲ್ಲಮೆಲ್ಲನೆ ಬೆಳೆದು ಒಳ್ಳೆಯ ಹಾಕಿ ಆಟಗಾರ್ತಿಯಾದಳು ಎಂದು ಅರ್ಥ. ಈ ವಾಕ್ಯದಲ್ಲಿ ಅಡಗಿರುವ ಮೂರು ಸಂಗತಿಗಳನ್ನು ನೋಡಬೇಕು. ಹಿಂದೆ ಮೊಗ್ಗಿನ ಸ್ಥಿತಿಯೊಂದು ಇತ್ತು. ಅರಳುವ ಶಕ್ತಿ ಒಳಗೇ ಇತ್ತು, ಹೊರಗಿನಿಂದ ತಂದು ಹಾಕಿದ್ದಲ್ಲ. ಆಗಿರುವ ಬದಲಾವಣೆ ಒಳ್ಳೆಯದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಪದ ಕೂರುವುದಿಲ್ಲ. ಸ್ನೇಹ, ಪ್ರೇಮ, ಪ್ರತಿಭೆ, ಆತ್ಮವಿಶ್ವಾಸ ‘ಬ್ಲಾಸಮ್’ ಆಗಬಹುದು. ಜಗಳ, ಸಾಲ, ಕಾಯಿಲೆ, ಬೆಲೆಯೇರಿಕೆ ಆಗಲಾರವು. ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ ಎನ್ನಲು ‘ಫ್ಲರಿಶ್’ ಎಂಬ ಪದ ಹೆಚ್ಚು ಒಪ್ಪುತ್ತದೆ. ಅದೂ ಹೂವಿನ ಕುಲದ್ದೇ, ಹೂವಿಗೆ ಲ್ಯಾಟಿನ್ ಭಾಷೆಯಲ್ಲಿರುವ ‘ಫ್ಲೋಸ್’ ಎಂಬ ಪದದ ಸಂತತಿ.

ಕನ್ನಡದ ‘ಅರಳು’ ಇದಕ್ಕಿಂತ ಹೆಚ್ಚು ಕಡೆ ಓಡಾಡುತ್ತದೆ, ಆದ್ದರಿಂದ ಎಚ್ಚರ ಬೇಕು. ಮಗಳು ರಜೆಗೆ ಬಂದಾಗ ತಾಯಿಯ ಮುಖ ಅರಳುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಹರ್ ಫೇಸ್ ಲಿಟ್ ಅಪ್’ ಎನ್ನಬೇಕು. ಮಗು ಬೆರಗಿನಿಂದ ಕಣ್ಣರಳಿಸುತ್ತದೆ. ಅದು ‘ದ ಚೈಲ್ಡ್ಸ್ ಐಸ್ ವೈಡನ್ಡ್’. ಹುರಿದ ಭತ್ತ ಅರಳಾಗುತ್ತದೆ. ಅಲ್ಲಿ ಹೂವಿನ ಪದವೇ ಬೇಡ, ‘ಪಫ್’ ಅಥವಾ ‘ಪಾಪ್’ ಸಾಕು. ಈ ಮೂರೂ ಕ್ಷಣದಲ್ಲಿ ಆಗಿ ಮುಗಿಯುವ ಕೆಲಸಗಳು ಎಂಬುದನ್ನು ಗಮನಿಸಿ. ‘ಬ್ಲಾಸಮ್’ ದಿನಗಳ, ವರ್ಷಗಳ ನಿಧಾನವನ್ನು ಬೇಡುವ ಪದ.

ಮೊಗ್ಗಿನ ಪದ ‘ಬಡ್’. ಅದರಿಂದ ಬಂದ ‘ಬಡ್ಡಿಂಗ್ ರೈಟರ್’ ಎಂದರೆ ನಾವು ಉದಯೋನ್ಮುಖ ಲೇಖಕ ಎನ್ನುವುದು. ನರ್ಸರಿಯಲ್ಲಿ ಕಿತ್ತಳೆ ಗಿಡಕ್ಕೆ ಮಾಡುವ ಕಣ್ಣುಕಸಿಗೂ ‘ಬಡ್ಡಿಂಗ್’ ಎಂದೇ ಹೆಸರು, ಸಂದರ್ಭದಿಂದ ಅರ್ಥ ಮಾಡಿಕೊಳ್ಳಬೇಕು. ‘ನಿಪ್ ಇನ್ ದ ಬಡ್’ ಎಂಬುದಕ್ಕೆ ನಮ್ಮಲ್ಲಿ ‘ಮೊಳಕೆಯಲ್ಲೇ ಚಿವುಟು’ ಎಂಬ ನುಡಿಗಟ್ಟು ಸಿದ್ಧವಾಗಿದೆ.

ಏಳನೆಯ ಹೆಜ್ಜೆ: ಪದದ ಊರನ್ನು ತಿಳಿಯಿರಿ

ಇದನ್ನು ಓದದಿದ್ದರೂ ಬಳಕೆಗೆ ಕೊರತೆಯಾಗದು, ಆದರೆ ನನಗೆ ತುಂಬ ಇಷ್ಟವಾದ ಭಾಗ ಇದು. ‘ಬ್ಲಾಸಮ್’ ಹಳೆಯ ಇಂಗ್ಲಿಷಿನ ಮನೆಯ ಪದ, ಡಚ್ ಭಾಷೆಯ ‘ಬ್ಲೂಸೆಮ್’ ಇದರ ಒಡಹುಟ್ಟು. ‘ಬ್ಲೂಮ್’ ಉತ್ತರದ ನಾರ್ಸ್ ಜನರ ಭಾಷೆಯಿಂದ ಬಂದದ್ದು. ಅದೂ ಇಂಗ್ಲಿಷಿನ ನಂಟಿನ ಭಾಷೆಯೇ; ‘ಫ್ಲವರ್’ ಮಾತ್ರ ಆ ನಂಟಿನ ಹೊರಗಿನದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ಮೂಲಕ ಒಳಗೆ ಬಂದು, ಮನೆಯ ಪದಗಳನ್ನು ಬದಿಗೆ ಸರಿಸಿ ಸಾಮಾನ್ಯ ಪದವಾಗಿ ಕೂತಿತು. ಹಿಟ್ಟಿಗೆ ಹೇಳುವ ‘ಫ್ಲವರ್’, ಅಂದರೆ ಕೊನೆಗೆ ‘ಓ, ಯು, ಆರ್’ ಬರುವ ಪದವೂ ಮೂಲದಲ್ಲಿ ಇದೇ. ಬೀಸಿದ ಧಾನ್ಯದ ಅತ್ಯುತ್ತಮ ಭಾಗ ಎಂಬ ಅರ್ಥದಲ್ಲಿ ಅದನ್ನು ಹೂವೆಂದು ಕರೆದರು, ಆಮೇಲೆ ಕಾಗುಣಿತ ಬೇರೆಯಾಯಿತು, ಉಚ್ಚಾರ ಒಂದೇ ಉಳಿಯಿತು. ಕನ್ನಡದಲ್ಲಿ ಇದಕ್ಕೆ ತಿರುವುಮುರುವಾದದ್ದು ನಡೆದಿದೆ: ಹೊರಗಿನಿಂದ ಬಂದ ‘ಪುಷ್ಪ’, ‘ಕುಸುಮ’ಗಳು ಕಾವ್ಯಕ್ಕೂ ಪೂಜೆಗೂ ಹೆಸರಿಡುವುದಕ್ಕೂ ಉಳಿದವು, ದಿನದ ಮಾತಿನಲ್ಲಿ ‘ಹೂ’ ಅಲುಗಲಿಲ್ಲ. ಆ ‘ಹೂ’ ಹಳಗನ್ನಡದಲ್ಲಿ ‘ಪೂ’ ಆಗಿತ್ತು. ಕನ್ನಡ ಪಕಾರವನ್ನು ಹಕಾರವಾಗಿಸಿಕೊಂಡಿತು, ಕೊಡವ ತಕ್ಕ್ ಪಕಾರವನ್ನು ಬಿಡಲಿಲ್ಲ. ಕೊಡವರ ‘ಪುತ್ತರಿ’ ಕನ್ನಡದಲ್ಲಿ ‘ಹುತ್ತರಿ’ ಆದದ್ದೂ ಹೀಗೆಯೇ. ಕೋವಿಗೆ ತೋಕ್‌ಪೂ ಸಿಕ್ಕಿಸುವ ಮಗು ಹಳಗನ್ನಡದ ಪದವೊಂದನ್ನು ನಾಲಗೆಯ ಮೇಲೆ ಇಟ್ಟುಕೊಂಡೇ ಬೆಳೆಯುತ್ತದೆ.

ಎಂಟನೆಯ ಹೆಜ್ಜೆ: ಒಂದು ಕೊಂಬೆ, ಒಂದು ನೋಟ್‌ಬುಕ್

ಪದವನ್ನು ಕಂಠಪಾಠ ಮಾಡುವುದರ ಬದಲು ಒಂದು ಕೊಂಬೆಯನ್ನು ಹಿಡಿದು ಅದರ ಜೊತೆ ನಡೆಯಿರಿ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ, ದೊಡ್ಡವರಿಗೂ ಅದನ್ನೇ ಹೇಳುತ್ತೇನೆ. ಮನೆಯ ಹತ್ತಿರದ ರೋಬಸ್ಟಾ ಗಿಡವೊಂದರಲ್ಲಿ ಕೈಗೆ ಎಟುಕುವ ಕೊಂಬೆಯನ್ನು ಆರಿಸಿ ಬಣ್ಣದ ದಾರ ಕಟ್ಟಿ. ಮಳೆ ಬಿದ್ದ ದಿನ ತಾರೀಖು ಹಾಕಿ ಒಂದೇ ವಾಕ್ಯ ಬರೆಯಿರಿ: ‘ದ ಬ್ಲಾಸಮ್ ಶವರ್ ಕೇಮ್ ಟುಡೇ’. ಮೊಗ್ಗು ಉಬ್ಬಿದ ದಿನ ‘ದ ಬಡ್ಸ್ ಆರ್ ಸ್ವೆಲಿಂಗ್’. ಬಿರಿಯತೊಡಗಿದಾಗ ‘ದ ಬ್ರಾಂಚ್ ಈಸ್ ಕಮಿಂಗ್ ಇನ್ಟು ಬ್ಲಾಸಮ್’, ಬಿಳಿಯಾದ ಬೆಳಿಗ್ಗೆ ‘ಇಟ್ ಈಸ್ ಇನ್ ಬ್ಲಾಸಮ್’. ಆ ಬೆಳಿಗ್ಗೆ ಜೇನುಹುಳುಗಳನ್ನೂ ಗಮನಿಸಿ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಚ್ಚಬಲ್ಲದು, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅದನ್ನು ಗಾಳಿ ಮತ್ತು ಜೇನು ತರುತ್ತವೆ. ‘ಬೀಸ್ ಆರ್ ವಿಸಿಟಿಂಗ್ ದ ಬ್ಲಾಸಮ್ಸ್’ ಎಂಬ ವಾಕ್ಯದಲ್ಲಿ ಬಹುವಚನ ಏಕೆ ಬಂತು ಎಂಬುದು ಒಂದೊಂದೇ ಹೂವಿಗೆ ಕೂರುವ ಹುಳುವನ್ನು ನೋಡಿದಾಗ ತಾನಾಗಿಯೇ ತಿಳಿಯುತ್ತದೆ. ಹೂ ಕಂದಾದ ದಿನ ‘ದ ಬ್ಲಾಸಮ್ ಈಸ್ ಓವರ್’ ಎಂದು ಬರೆಯಿರಿ, ಅಲ್ಲಿ ಮತ್ತೆ ಏಕವಚನ.

ಈ ಅವಧಿಯಲ್ಲಿ ಮನೆಯವರು ಆಡುವ ಕನ್ನಡ ಮಾತುಗಳನ್ನೂ ಎದುರು ಪುಟದಲ್ಲಿ ಬರೆದಿಟ್ಟುಕೊಳ್ಳಿ: ಹೂಮಳೆ, ಹೂವಾಯಿತು, ಬಿರಿಯಿತು, ಕಾಯಿ ಕಚ್ಚಿತು. ಇವು ಯಾವ ನಿಘಂಟಿಗೂ ಕಡಿಮೆಯಲ್ಲದ ಅರ್ಥಸೂಚಿಗಳು. ಆಮೇಲೆ ನೋಟ್‌ಬುಕ್ ಎತ್ತಿಡಿ. ರೋಬಸ್ಟಾದ ಹೂವು ಹಣ್ಣಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಮುಂದಿನ ಜನವರಿಯಲ್ಲೋ ಫೆಬ್ರವರಿಯಲ್ಲೋ ಕೊಯ್ಲಿನವರು ಆ ಸಾಲಿಗೆ ಬಂದಾಗ ಅವರೊಂದಿಗೆ ಹೋಗಿ, ಬಣ್ಣ ಮಾಸಿದ ದಾರವನ್ನು ಹುಡುಕಿ, ಆ ಕೊಂಬೆಯ ಹಣ್ಣನ್ನು ನೀವೇ ಕೈಯಾರೆ ಬಿಡಿಸಿ, ಹಳೆಯ ಪುಟದ ಕೆಳಗೆ ಕೊನೆಯ ವಾಕ್ಯವನ್ನು ಸೇರಿಸಿ: ‘ದಿಸ್ ಬ್ರಾಂಚ್ ವಾಸ್ ಇನ್ ಬ್ಲಾಸಮ್ ಇನ್ ಮಾರ್ಚ್’.